ಬೊಟುಲಿಸಂ: ಉಪ್ಪು, ಹುಳಿ, ಬಿಸಿಲಿನ ಕಾವಲು ತಪ್ಪಿದ ಜಾಡಿಯ ವಿಷ (ಪದೇ ಪದೇ ಕೇಳುವ ಪ್ರಶ್ನೆಗಳು)

ಮನೆಯಲ್ಲೇ ಉಪ್ಪಿನಕಾಯಿ ಹಾಕುವವರು, ಮಳೆಗಾಲದಲ್ಲಿ ಕಳಲೆ ಕೂಡಿಡುವವರು, ಬಾಣಂತಿಯರು, ಅವರ ಅಮ್ಮಂದಿರು ನನ್ನನ್ನು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಕಲೆಹಾಕಿದ್ದೇನೆ. ಕಾಯಿಲೆ ಅಪರೂಪದ್ದು ನಿಜ. ಆದರೆ ಬಂದಾಗ ಗುರುತಿಸಲು ತಡವಾದರೆ ಉಸಿರೇ ನಿಲ್ಲಬಹುದು. ಹಾಗಾಗಿ ಯಾವ ಪ್ರಶ್ನೆಯನ್ನೂ ಸಣ್ಣದೆಂದು ಬಿಟ್ಟಿಲ್ಲ.

ಬೊಟುಲಿಸಂ ಎಂದರೇನು?

ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ತಯಾರಿಸುವ ವಿಷದಿಂದ ನರಗಳಿಗೆ ಬರುವ ಕಾಯಿಲೆ. ಈ ಬ್ಯಾಕ್ಟೀರಿಯಾ ಹೊಲದ ಮಣ್ಣಿನಲ್ಲಿ, ಕೆರೆಯ ಕೆಸರಿನಲ್ಲಿ, ಸಮುದ್ರದ ತಳದಲ್ಲಿ ಬೀಜಕಣಗಳ ರೂಪದಲ್ಲಿ ಮಲಗಿರುತ್ತದೆ. ಗಟ್ಟಿ ಕವಚ ತೊಟ್ಟ ಈ ಬೀಜಕಣಗಳು ತರಕಾರಿಯ ಮೇಲೆ, ಬೇರು ಗೆಡ್ಡೆಗಳ ಮೇಲೆ ನಮ್ಮ ಅಡುಗೆಮನೆಗೆ ದಿನವೂ ಬರುತ್ತವೆ. ಆರೋಗ್ಯವಂತ ದೊಡ್ಡವರ ಹೊಟ್ಟೆಗೆ ಹೋದರೂ ಅವು ಸಾಮಾನ್ಯವಾಗಿ ಏನೂ ಮಾಡದೆ ಹೊರಟುಹೋಗುತ್ತವೆ.

ಅವು ಮೊಳೆಯಬೇಕಾದರೆ ಹಲವು ಅನುಕೂಲಗಳು ಒಟ್ಟಿಗೆ ಒದಗಬೇಕು. ಗಾಳಿ ಇರಬಾರದು, ತೇವ ಇರಬೇಕು, ಹುಳಿ ಸಾಲದಿರಬೇಕು, ಉಪ್ಪು ಸಾಲದಿರಬೇಕು, ಜಾಗ ತಂಪಾಗಿರಬಾರದು. ಇವಿಷ್ಟೂ ಕೂಡಿಬಂದ ಕಡೆ ಬ್ಯಾಕ್ಟೀರಿಯಾ ಬೆಳೆದು ವಿಷ ಉಗುಳುತ್ತದೆ. ಮನುಷ್ಯನಿಗೆ ಗೊತ್ತಿರುವ ಅತ್ಯಂತ ತೀಕ್ಷ್ಣ ವಿಷಗಳ ಸಾಲಿನಲ್ಲಿ ಇದು ನಿಲ್ಲುತ್ತದೆ.

ಈ ವಿಷ ದೇಹದಲ್ಲಿ ಏನು ಮಾಡುತ್ತದೆ?

ಕೈ ಎತ್ತು, ರೆಪ್ಪೆ ತೆರೆ, ಉಸಿರೆಳೆದುಕೋ ಎಂಬ ಅಪ್ಪಣೆಯನ್ನು ನರವು ಸ್ನಾಯುವಿಗೆ ದಾಟಿಸುವುದು ಅಸಿಟೈಲ್ ಕೋಲಿನ್ ಎಂಬ ರಾಸಾಯನಿಕದ ಮೂಲಕ. ನರದ ತುದಿಯಿಂದ ಅದು ಹೊರಬರದಂತೆ ವಿಷ ತಡೆಯುತ್ತದೆ. ಮಿದುಳಿನಿಂದ ಹೊರಟ ಅಪ್ಪಣೆ ನರದ ತುದಿಯಲ್ಲೇ ನಿಂತುಬಿಡುತ್ತದೆ, ಸ್ನಾಯು ಜೋತುಬೀಳುತ್ತದೆ. ರೋಗಿಗೆ ಎಲ್ಲವೂ ತಿಳಿಯುತ್ತಿರುತ್ತದೆ, ಸುತ್ತಲಿನವರ ಮಾತೆಲ್ಲ ಕೇಳಿಸುತ್ತಿರುತ್ತದೆ, ಆದರೆ ಕಣ್ಣು ತೆರೆದು ಉತ್ತರಿಸಲು ಆಗುವುದಿಲ್ಲ. ಇಂಥ ರೋಗಿಯ ಹಾಸಿಗೆಯ ಪಕ್ಕ ನಿಂತು ‘ಇನ್ನು ಉಳಿಯುವುದಿಲ್ಲ’ ಎಂದು ಮಾತಾಡುವವರನ್ನು ದಯವಿಟ್ಟು ಹೊರಗೆ ಕಳುಹಿಸಿ.

ಹೆಸರು ಎಲ್ಲಿಂದ ಬಂತು?

ಲ್ಯಾಟಿನ್ ಭಾಷೆಯಲ್ಲಿ ‘ಬೊಟುಲಸ್’ ಎಂದರೆ ಮಾಂಸ ತುಂಬಿದ ಸಾಸೇಜು. ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತ್ಯದಲ್ಲಿ ಸಾಸೇಜು ತಿಂದವರು ಸಾಯುತ್ತಿದ್ದುದನ್ನು ಕಂಡು, ವೈದ್ಯನೂ ಕವಿಯೂ ಆಗಿದ್ದ ಯುಸ್ಟಿನಸ್ ಕೆರ್ನರ್ 1820ರ ಆಸುಪಾಸಿನಲ್ಲಿ ಲಕ್ಷಣಗಳನ್ನು ಒಂದೊಂದಾಗಿ ಬರೆದಿಟ್ಟ. ಬ್ಯಾಕ್ಟೀರಿಯಾವನ್ನು ಹಿಡಿದು ತೋರಿಸಿದವನು ಬೆಲ್ಜಿಯಂನ ಎಮಿಲ್ ವಾನ್ ಎರ್ಮೆಂಗೆಮ್. 1895ರಲ್ಲಿ ಎಲೆಜೆಲ್ ಎಂಬ ಹಳ್ಳಿಗೆ ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದಿದ್ದ ತಂಡ ಹಂದಿಮಾಂಸದ ಹ್ಯಾಮ್ ತಿಂದು ಕಾಯಿಲೆ ಬಿದ್ದಿತು, ಮೂವರು ಸತ್ತರು. ಆ ಹ್ಯಾಮಿನಲ್ಲೇ ಅವನಿಗೆ ಬ್ಯಾಕ್ಟೀರಿಯಾ ಸಿಕ್ಕಿತು.

ಲಕ್ಷಣಗಳು ಯಾವುವು? ಎಷ್ಟು ಹೊತ್ತಿನಲ್ಲಿ ಕಾಣಿಸುತ್ತವೆ?

ವಿಷ ಬೆರೆತ ಆಹಾರ ತಿಂದ 12ರಿಂದ 36 ಗಂಟೆಗಳೊಳಗೆ ಕಾಣಿಸುವುದು ಹೆಚ್ಚು. ಕೆಲವರಲ್ಲಿ 4 ಗಂಟೆಗೇ ಶುರುವಾಗುತ್ತದೆ, ಕೆಲವರಲ್ಲಿ 8 ದಿನಗಳವರೆಗೂ ತಡವಾಗುತ್ತದೆ. ಆದ್ದರಿಂದ ನಿನ್ನೆಯ ಊಟವನ್ನಷ್ಟೇ ಅಲ್ಲ, ಹಿಂದಿನ ಒಂದು ವಾರದ ಊಟವನ್ನೂ ನೆನಪಿಸಿಕೊಳ್ಳಬೇಕು.

ಕಾಯಿಲೆ ತಲೆಯಿಂದ ಕೆಳಕ್ಕೆ ಇಳಿಯುತ್ತದೆ. ಇದನ್ನೊಂದು ನೆನಪಿಟ್ಟುಕೊಂಡರೂ ಸಾಕು. ಮೊದಲು ಕಣ್ಣು: ದೃಷ್ಟಿ ಮಸುಕಾಗುತ್ತದೆ, ಒಂದು ಎರಡಾಗಿ ಕಾಣುತ್ತದೆ, ರೆಪ್ಪೆಗಳು ಜೋಲುತ್ತವೆ. ಆಮೇಲೆ ಬಾಯಿ ಮತ್ತು ಗಂಟಲು: ನಾಲಿಗೆ ಒಣಗುತ್ತದೆ, ಮಾತು ತೊದಲುತ್ತದೆ, ನೀರು ಕುಡಿದರೂ ನುಂಗಲಾಗುವುದಿಲ್ಲ. ಬಳಿಕ ಕುತ್ತಿಗೆ ನಿಲ್ಲುವುದಿಲ್ಲ, ತೋಳುಗಳು ಸೋಲುತ್ತವೆ, ಎದೆಯ ಸ್ನಾಯುಗಳು ಸೋಲುತ್ತವೆ, ಕಾಲುಗಳೂ ಸೋಲುತ್ತವೆ. ಎರಡೂ ಬದಿ ಸಮನಾಗಿ ಸೋಲುತ್ತವೆ. ಆರಂಭದಲ್ಲಿ ವಾಕರಿಕೆ, ವಾಂತಿ, ಹೊಟ್ಟೆ ಉಬ್ಬರ ಇರಬಹುದು, ಮುಂದೆ ಮಲಬದ್ಧತೆ ಕಾಡುತ್ತದೆ.

ಜ್ವರ ಇರುವುದಿಲ್ಲ. ಪ್ರಜ್ಞೆ ತಪ್ಪುವುದಿಲ್ಲ. ಈ ಎರಡು ‘ಇಲ್ಲ’ಗಳೇ ಮನೆಯವರನ್ನು ಮೋಸಗೊಳಿಸುತ್ತವೆ. ಜ್ವರವಿಲ್ಲವಲ್ಲ, ಚೆನ್ನಾಗಿಯೇ ಮಾತಾಡುತ್ತಿದ್ದಾರಲ್ಲ, ಬೆಳಗಾಗಲಿ ನೋಡೋಣ ಎಂದುಕೊಳ್ಳುತ್ತಾರೆ. ರೆಪ್ಪೆ ಜೋತು, ನುಂಗಲು ಕಷ್ಟವಾದರೆ ಬೆಳಗಿನವರೆಗೆ ಕಾಯಬಾರದು. 108ಕ್ಕೆ ಕರೆ ಮಾಡಿ, ವೆಂಟಿಲೇಟರ್ ಇರುವ ಆಸ್ಪತ್ರೆಗೆ ಕರೆದೊಯ್ಯಬೇಕು.

ಬೇರೆ ಯಾವ ಕಾಯಿಲೆಗಳು ಹೀಗೇ ಕಾಣುತ್ತವೆ?

ನಮ್ಮ ಹಳ್ಳಿಗಳಲ್ಲಿ ಮೊದಲು ನೆನಪಾಗಬೇಕಾದದ್ದು ಹಾವಿನ ಕಡಿತ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ಗಾಯವೂ ಕಾಣದಿರಬಹುದು, ನೋವೂ ಇರದಿರಬಹುದು. ಬೆಳಗಿನ ಹೊತ್ತಿಗೆ ರೆಪ್ಪೆ ಜೋತಿರುತ್ತದೆ, ಹೊಟ್ಟೆನೋವು ಇರುತ್ತದೆ. ನಾಗರಹಾವಿನ ವಿಷವೂ ರೆಪ್ಪೆಯನ್ನು ಜೋಲಿಸುತ್ತದೆ. ಆದ್ದರಿಂದ ಏನು ತಿಂದರು ಎಂಬುದರ ಜೊತೆಗೆ ಎಲ್ಲಿ ಮಲಗಿದ್ದರು ಎಂಬುದನ್ನೂ ವೈದ್ಯರಿಗೆ ಹೇಳಬೇಕು. ಗಿಲನ್ ಬಾರೆ ಎಂಬ ನರಗಳ ಕಾಯಿಲೆ ಸಾಮಾನ್ಯವಾಗಿ ಕಾಲಿನಿಂದ ಮೇಲಕ್ಕೆ ಏರುತ್ತದೆ, ಬೊಟುಲಿಸಂ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಪಾರ್ಶ್ವವಾಯು ಹೆಚ್ಚಾಗಿ ಒಂದೇ ಬದಿಯನ್ನು ಹಿಡಿಯುತ್ತದೆ. ಸ್ನಾಯುಗಳನ್ನು ಸೋಲಿಸುವ ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆ ಕೂಡ ರೆಪ್ಪೆಯಲ್ಲಿ ಶುರುವಾಗಬಹುದು. ಕೀಟನಾಶಕದ ವಿಷವಾದರೆ ಬಾಯಿಯಿಂದ ಜೊಲ್ಲು ಸುರಿಯುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ. ಇಲ್ಲಿ ಬಾಯಿ ಒಣಗಿರುತ್ತದೆ. ಇದನ್ನೆಲ್ಲ ತೂಗಿ ನೋಡುವುದು ವೈದ್ಯರ ಕೆಲಸ, ಮನೆಯಲ್ಲಿ ಕುಳಿತು ತೀರ್ಮಾನಿಸುವಂಥದ್ದಲ್ಲ.

ಭಾರತದಲ್ಲಿ ಇದು ಆಗಿದೆಯೇ?

ಆಗಿದೆ. 1996ರಲ್ಲಿ ಗುಜರಾತಿನ ಒಂದು ವಸತಿ ಶಾಲೆಯ 34 ವಿದ್ಯಾರ್ಥಿಗಳಿಗೆ ಬೊಟುಲಿಸಂ ಲಕ್ಷಣಗಳು ಕಾಣಿಸಿಕೊಂಡವು. ಶಂಕೆ ಹೋದದ್ದು ಕಡಲೆಹಿಟ್ಟಿನ ಸೇವಿನ ಮೇಲೆ. ಅಲ್ಲಿ ವಿಷ ತಯಾರಿಸಿದ್ದು ಬೊಟುಲಿನಂನ ಹತ್ತಿರದ ಬಂಧು, ಕ್ಲಾಸ್ಟ್ರಿಡಿಯಂ ಬ್ಯುಟಿರಿಕಂ.

ಹಕ್ಕಿಗಳ ಸುದ್ದಿಯನ್ನು ಹಲವರು ಓದಿರಬಹುದು. 2019ರ ನವೆಂಬರ್‌ನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಾರು ವಲಸೆ ಹಕ್ಕಿಗಳು ರೆಕ್ಕೆ ಎತ್ತಲಾಗದೆ ದಡದಲ್ಲಿ ಸತ್ತುಬಿದ್ದವು. ಬರೇಲಿಯ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಅದನ್ನು ಹಕ್ಕಿಗಳ ಬೊಟುಲಿಸಂ ಎಂದು ಗುರುತಿಸಿತು. ಹಕ್ಕಿಗಳನ್ನು ಹೆಚ್ಚಾಗಿ ಕೊಲ್ಲುವ ಸಿ ಬಗೆಯ ವಿಷ ಬೇರೆ. ಮನುಷ್ಯರನ್ನು ಕಾಡುವುದು ಎ, ಬಿ, ಇ ಬಗೆಗಳು, ಅಪರೂಪಕ್ಕೆ ಎಫ್.

ಹಸುಗೂಸಿಗೆ ಜೇನು ನೆಕ್ಕಿಸಬಾರದು ಎನ್ನುತ್ತಾರೆ. ತಲೆತಲಾಂತರದಿಂದ ನೆಕ್ಕಿಸಿದ್ದೇವಲ್ಲ?

ನನಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದು, ಅತಿ ಹೆಚ್ಚು ಮನಸ್ತಾಪ ತಂದದ್ದೂ ಇದೇ. ಹುಟ್ಟಿದ ಮಗುವಿನ ನಾಲಿಗೆಗೆ ಚಿನ್ನದ ಉಂಗುರದಿಂದ ಜೇನುತುಪ್ಪ ಮುಟ್ಟಿಸುವುದು, ಬಜೆ ತೇಯ್ದು ಜೇನಿನಲ್ಲಿ ಕಲಸಿ ನೆಕ್ಕಿಸುವುದು ನಮ್ಮ ಮನೆಗಳಲ್ಲಿ ಪ್ರೀತಿಯಿಂದ ನಡೆದುಬಂದ ಕ್ರಮ. ಅಜ್ಜಿಯ ಆ ಕೈಯನ್ನು ತಡೆಯುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಅತ್ತೆಯವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಆದರೂ ತಡೆಯಲೇಬೇಕು.

ಕಾರಣ ಹೀಗಿದೆ. ಹೂವಿಂದ ಹೂವಿಗೆ ಹಾರುವ ಜೇನು ಮಣ್ಣಿನ, ದೂಳಿನ ಬೀಜಕಣಗಳನ್ನೂ ಹೊತ್ತು ತರಬಹುದು. ಜೇನುತುಪ್ಪದಲ್ಲಿ ನೀರಿನಂಶ ಕಡಿಮೆ, ಹಾಗಾಗಿ ಅಲ್ಲಿ ಅವು ಮೊಳೆಯುವುದಿಲ್ಲ, ಸಾಯುವುದೂ ಇಲ್ಲ. ದೊಡ್ಡವರ ಕರುಳಿನಲ್ಲಿ ಬೇರೂರಿರುವ ಒಳ್ಳೆಯ ಸೂಕ್ಷ್ಮಜೀವಿಗಳು ಅವಕ್ಕೆ ಜಾಗ ಕೊಡುವುದಿಲ್ಲ. ವರ್ಷ ತುಂಬದ ಮಗುವಿನ ಕರುಳಿನಲ್ಲಿ ಆ ಕಾವಲು ಇನ್ನೂ ಕಟ್ಟಿರುವುದಿಲ್ಲ. ಬೀಜಕಣ ಅಲ್ಲೇ ಮೊಳೆತು ಅಲ್ಲೇ ವಿಷ ತಯಾರಿಸುತ್ತದೆ. ಇದನ್ನು ವೈದ್ಯಲೋಕ ಮೊದಲು ಗುರುತಿಸಿದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ನಮ್ಮ ಅಜ್ಜಿಯರಿಗೆ ಇದು ಗೊತ್ತಿರಲು ಸಾಧ್ಯವೇ ಇರಲಿಲ್ಲ. ಹಿಂದೆ ಯಾವುದೋ ಮಗು ಸೊರಗಿ ಹೋಗಿದ್ದರೆ ದೃಷ್ಟಿಯಾಯಿತು ಎಂದೋ ಬಾಲಗ್ರಹ ಎಂದೋ ಅಂದುಕೊಂಡಿರಬಹುದು.

2018ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಜೇನು ತುಂಬಿದ ಚೀಪುಗೊಂಬೆಗಳಿಂದ ನಾಲ್ಕು ಶಿಶುಗಳು ಆಸ್ಪತ್ರೆ ಸೇರಿದವು. ಹಾಗೆಂದು ಜೇನೊಂದೇ ಕಾರಣವಲ್ಲ, ಮಣ್ಣು ದೂಳಿನಿಂದಲೂ ಶಿಶುಗಳಿಗೆ ಬರುತ್ತದೆ. ಎಷ್ಟೋ ಮಕ್ಕಳಲ್ಲಿ ಮೂಲವೇ ಸಿಗುವುದಿಲ್ಲ. ದೂಳನ್ನು ನಾವು ಪೂರ್ತಿ ತಡೆಯಲಾರೆವು, ಜೇನನ್ನು ತಡೆಯಬಲ್ಲೆವು.

ಕೊಡಗಿನ ಕಾಡುಜೇನು ಶುದ್ಧವಾದದ್ದು, ಅದನ್ನು ಕೊಡಬಹುದೇ? ಕಾಯಿಸಿ ಕೊಟ್ಟರೆ?

ಜೇನು ಶುದ್ಧವೋ ಕಲಬೆರಕೆಯೋ ಎಂಬುದು ಇಲ್ಲಿ ವಿಷಯವೇ ಅಲ್ಲ. ಅಪ್ಪಟ ಜೇನಿನಲ್ಲೂ ಬೀಜಕಣ ಇರಬಹುದು. ಮನೆಯ ಒಲೆಯ ಬಿಸಿಗೆ ಅದು ಸಾಯುವುದೂ ಇಲ್ಲ. 12 ತಿಂಗಳು ತುಂಬುವವರೆಗೆ ಬೇಡ, ತುಂಬಿದ ಮೇಲೆ ಕೊಡಬಹುದು. ಎದೆಹಾಲುಣಿಸುವ ತಾಯಿ ಜೇನು ತಿನ್ನಬಹುದು, ಹಾಲಿನ ಮೂಲಕ ಮಗುವಿಗೆ ಇದು ದಾಟುವುದಿಲ್ಲ. ಶಾಸ್ತ್ರಕ್ಕೆ ಏನಾದರೂ ಆಗಲೇಬೇಕು ಎಂದು ಹಿರಿಯರು ಹಟ ಹಿಡಿದರೆ, ಆ ಉಂಗುರವನ್ನು ತೊಳೆದು ಎದೆಹಾಲಿನಲ್ಲಿ ಅದ್ದಿ ಮುಟ್ಟಿಸಿ. ನಮ್ಮ ಮನೆಯಲ್ಲಿ ಕೊನೆಗೆ ಹಾಗೆಯೇ ಆಯಿತು, ಅತ್ತೆಯವರ ಕೈಯಿಂದಲೇ.

ಶಿಶುವಿನಲ್ಲಿ ಹೇಗೆ ಗೊತ್ತಾಗುತ್ತದೆ?

ಮೊದಲ ಸೂಚನೆ ಸಾಮಾನ್ಯವಾಗಿ ಮಲಬದ್ಧತೆ. ಆಮೇಲೆ ಮೊಲೆ ಚೀಪುವ ಶಕ್ತಿ ಕಡಿಮೆಯಾಗುತ್ತದೆ, ಅಳುವಿನ ದನಿ ಕ್ಷೀಣಿಸುತ್ತದೆ, ಮುಖದಲ್ಲಿ ಭಾವ ಕಾಣುವುದಿಲ್ಲ, ರೆಪ್ಪೆ ಜೋಲುತ್ತದೆ. ಎತ್ತಿಕೊಂಡರೆ ಮಗು ಒದ್ದೆ ಬಟ್ಟೆಯಂತೆ ತೋಳಿನ ಮೇಲೆ ಜೋತುಬೀಳುತ್ತದೆ, ಕತ್ತು ನಿಲ್ಲುವುದಿಲ್ಲ. ‘ಪಾಪು ತುಂಬಾ ಸಾಧು, ಅಳುವುದೇ ಇಲ್ಲ’ ಎಂದು ಯಾರಾದರೂ ಮೆಚ್ಚಿಕೊಂಡಾಗ, ಅದು ಮೊದಲಿನಿಂದಲೂ ಹಾಗೆಯೇ ಇತ್ತೇ ಅಥವಾ ಈ ಎರಡು ಮೂರು ದಿನಗಳಲ್ಲಿ ಹಾಗಾಯಿತೇ ಎಂದು ಕೇಳಿ. ಸಕಾಲದಲ್ಲಿ ಆಸ್ಪತ್ರೆ ಸೇರಿದ ಶಿಶುಗಳು ಬಹುಪಾಲು ಪೂರ್ತಿ ಚೇತರಿಸಿಕೊಳ್ಳುತ್ತವೆ.

ನಮ್ಮ ಉಪ್ಪಿನಕಾಯಿ ಸುರಕ್ಷಿತವೇ?

ಹಳೆಯ ಕ್ರಮದಲ್ಲಿ ಹಾಕಿದ ಮಾವಿನ, ನಿಂಬೆಯ ಉಪ್ಪಿನಕಾಯಿಗೆ ಎರಡು ಕಾವಲಿದೆ. ಹುಳಿಯನ್ನು ಅಳೆಯುವ ಪಿಎಚ್ ಮಾಪಕದಲ್ಲಿ ಅಂಕಿ ಇಳಿದಷ್ಟೂ ಹುಳಿ ಹೆಚ್ಚು; ಅದು 4.6ಕ್ಕಿಂತ ಕೆಳಗಿದ್ದರೆ ಬೊಟುಲಿನಂ ಬೆಳೆಯಲಾರದು. ನಿಂಬೆ, ಕಾಯಿಮಾವು ಅದಕ್ಕಿಂತ ಬಹಳ ಕೆಳಗಿವೆ. ಸುಮಾರು ಶೇ 10ರಷ್ಟು ಉಪ್ಪು ಇದ್ದರೂ ಅದು ಬೆಳೆಯಲಾರದು. ಸಾಗರ, ಶಿರಸಿ ಕಡೆಯ ಅಪ್ಪೆಮಿಡಿ ಭರಣಿಯಲ್ಲಿ ಹುಳಿ, ಉಪ್ಪು ಎರಡೂ ಇರುತ್ತವೆ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿಗೆ ಕಾವಲು ಬಿಸಿಲು. ಒಣಗಿದ ಪದಾರ್ಥದಲ್ಲಿ ಬ್ಯಾಕ್ಟೀರಿಯಾಗೆ ಬೇಕಾದ ನೀರೇ ಇರುವುದಿಲ್ಲ.

ನನ್ನ ಆತಂಕವಿರುವುದು ಹೊಸ ಪ್ರಯೋಗಗಳ ಬಗ್ಗೆ. ರಕ್ತದೊತ್ತಡವಿದೆ ಎಂದು ಉಪ್ಪು ಇಳಿಸುತ್ತೇವೆ, ಹುಳಿ ಹಿಡಿಸದು ಎಂದು ನಿಂಬೆರಸ ಬಿಡುತ್ತೇವೆ, ಮೇಲೆ ಎಣ್ಣೆ ತುಂಬಿ ಗಾಳಿಯಾಡದಂತೆ ಮುಚ್ಚಿ ತಿಂಗಳುಗಟ್ಟಲೆ ಹೊರಗಿಡುತ್ತೇವೆ. ಬೆಳ್ಳುಳ್ಳಿ, ಅಣಬೆ, ಕ್ಯಾರೆಟ್, ಮೀನು, ಸಿಗಡಿ, ಹಂದಿಮಾಂಸ ಇವು ತಾವಾಗಿ ಹುಳಿಯಲ್ಲ. ಇವಕ್ಕೆ ವಿನೆಗರ್ ಅಥವಾ ನಿಂಬೆರಸ ರುಚಿಗಷ್ಟೇ ಅಲ್ಲ, ಜೀವರಕ್ಷಣೆಗೆ ಬೇಕು. ಕೊಡಗಿನವರು ಹಂದಿಮಾಂಸಕ್ಕೆ ಕಾಚಂಪುಳಿ ಹಾಕುತ್ತಾರೆ; ಅಂಥ ಗಾಢ ಹುಳಿಯನ್ನು ಉಪ್ಪಿನಕಾಯಿಯಲ್ಲಿ ಕಡಿಮೆ ಮಾಡಬೇಡಿ. ಕಡಿಮೆ ಉಪ್ಪಿನದೇ ಬೇಕೆಂದರೆ ಸ್ವಲ್ಪವೇ ಮಾಡಿ, ಫ್ರಿಜ್‌ನಲ್ಲಿಟ್ಟು, ಕೆಲವೇ ದಿನಗಳಲ್ಲಿ ಮುಗಿಸಿ.

ಎಣ್ಣೆಯಲ್ಲಿ ಮುಳುಗಿಸಿದ ಬೆಳ್ಳುಳ್ಳಿ ಏಕೆ ಅಪಾಯ?

ಎಣ್ಣೆ ಗಾಳಿಯನ್ನು ತಡೆಯುತ್ತದೆ, ಹುಳಿ ಕೊಡುವುದಿಲ್ಲ. ನೆಲದೊಳಗೆ ಬೆಳೆಯುವ ಬೆಳ್ಳುಳ್ಳಿಯಲ್ಲಿ ಬೀಜಕಣ ಇರುವುದು ಸಹಜ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನ ಒಂದು ರೆಸ್ಟೋರೆಂಟಿನಲ್ಲಿ, ಎಣ್ಣೆಯಲ್ಲಿಟ್ಟು ಫ್ರಿಜ್‌ನಿಂದ ಹೊರಗಿರಿಸಿದ್ದ ಕೊಚ್ಚಿದ ಬೆಳ್ಳುಳ್ಳಿಯಿಂದ 36 ಜನ ಕಾಯಿಲೆ ಬಿದ್ದರು. ಬೆಂದ ಆಲೂಗೆಡ್ಡೆಯ ಕತೆಯೂ ಇಂಥದೇ. 1994ರಲ್ಲಿ ಅಮೆರಿಕದ ಎಲ್ ಪಾಸೋದಲ್ಲಿ ಅಲ್ಯುಮಿನಿಯಂ ಹಾಳೆ ಸುತ್ತಿ ಬೇಯಿಸಿದ ಗೆಡ್ಡೆಗಳನ್ನು ಹಾಳೆ ಬಿಚ್ಚದೆ ಹೊರಗೇ ಇಟ್ಟು, ಆಮೇಲೆ ಅದರಿಂದ ತಿನಿಸು ಮಾಡಿದ್ದರು. 30 ಜನರಿಗೆ ಬೊಟುಲಿಸಂ ಬಂತು. ಬೆಂದ ಮೇಲೆ ಹಾಳೆ ಬಿಚ್ಚಿ, ಬಿಸಿಯಾಗಿಯೇ ತಿನ್ನಿ ಅಥವಾ ಫ್ರಿಜ್‌ನಲ್ಲಿಡಿ.

ಕಳಲೆ ತಿನ್ನಬಹುದೇ?

ಖಂಡಿತ ತಿನ್ನಬಹುದು. ಮಲೆನಾಡಿನ, ಕರಾವಳಿಯ, ಕೊಡಗಿನ ಮಳೆಗಾಲ ಕಳಲೆಯಿಲ್ಲದೆ ಕಳೆಯುವುದಿಲ್ಲ. ಹೆಚ್ಚಿ, ನೀರು ಬದಲಿಸುತ್ತ ನೆನೆಸಿಟ್ಟು, ಬೇಯಿಸಿ ಆಗಲೇ ಉಣ್ಣುವುದರಲ್ಲಿ ಈ ಕಾಯಿಲೆಯ ಭಯವಿಲ್ಲ. ಕೂಡಿಡುವಾಗ ಮಾತ್ರ ಎಚ್ಚರ ಬೇಕು. 2006ರ ಮಾರ್ಚ್‌ನಲ್ಲಿ ಥಾಯ್ಲೆಂಡ್‌ನ ನಾನ್ ಪ್ರಾಂತ್ಯದ ಹಳ್ಳಿಯೊಂದರ ಉತ್ಸವದಲ್ಲಿ, ಮನೆಯಲ್ಲೇ ಡಬ್ಬಕ್ಕೆ ತುಂಬಿ ಮುಚ್ಚಿಟ್ಟಿದ್ದ ಕಳಲೆ ತಿಂದು 209 ಜನ ಕಾಯಿಲೆ ಬಿದ್ದರು. 42 ಮಂದಿಗೆ ವೆಂಟಿಲೇಟರ್ ಬೇಕಾಯಿತು, ಪ್ರತಿವಿಷವನ್ನು ಹೊರದೇಶಗಳಿಂದ ತರಿಸಬೇಕಾಯಿತು. ಡಬ್ಬದೊಳಗೆ ಗಾಳಿ ಇರಲಿಲ್ಲ, ಹುಳಿ ಇರಲಿಲ್ಲ, ಕುದಿಸಿದ ಬಿಸಿ ಬೀಜಕಣವನ್ನು ಕೊಲ್ಲುವಷ್ಟು ಇರಲಿಲ್ಲ.

ನಮ್ಮಲ್ಲಿ ಕಳಲೆಯನ್ನು ಭರಣಿಯಲ್ಲಿ ಹೇರಳ ಉಪ್ಪು ಹಾಕಿ ಇಡುವ ಕ್ರಮವಿದೆ. ಅದರಲ್ಲಿ ಉಪ್ಪನ್ನು ಕಡಿಮೆ ಮಾಡಬೇಡಿ. ಹೆಚ್ಚಾದ ಉಪ್ಪನ್ನು ಅಡುಗೆಗೆ ಮುಂಚೆ ನೀರಿನಲ್ಲಿ ನೆನೆಸಿ ತೆಗೆಯಬಹುದು. ಬರಿಯ ನೀರಿನಲ್ಲಿ ಕುದಿಸಿ ಬಾಟಲಿಗೆ ತುಂಬಿ ದುಬೈಗೋ ಅಮೆರಿಕಕ್ಕೋ ಮಕ್ಕಳಿಗೆ ಕಳುಹಿಸುವ ಪ್ರಯೋಗ ಬೇಡ. ಕಳುಹಿಸಲೇಬೇಕಾದರೆ ಒಣಗಿಸಿ ಕಳುಹಿಸಿ.

ಒಣಮೀನು?

ಕರುಳು ತೆಗೆದು, ಉಪ್ಪು ಸವರಿ, ಚೆನ್ನಾಗಿ ಒಣಗಿಸಿದ ಮೀನು ತಿನ್ನಬಹುದು. ಕರುಳು ತೆಗೆಯದ ದೊಡ್ಡ ಮೀನನ್ನು ಹಾಗೆಯೇ ಉಪ್ಪಿನಲ್ಲಿ ಹೂತರೆ ಉಪ್ಪು ಒಳಗೆ ತಲುಪುವ ಮುಂಚೆ ವಿಷ ಹುಟ್ಟಬಹುದು. 1991ರಲ್ಲಿ ಈಜಿಪ್ಟ್‌ನಲ್ಲಿ ‘ಫಸೀಖ್’ ಎಂಬ ಅಂಥ ಉಪ್ಪುಮೀನು ತಿಂದು 18 ಮಂದಿ ಸತ್ತರು.

ಚೆನ್ನಾಗಿ ಕುದಿಸಿದರೆ ಅಪಾಯ ಹೋಗುವುದಿಲ್ಲವೇ?

ವಿಷ ಮತ್ತು ಬೀಜಕಣ ಎರಡನ್ನು ಬೇರೆ ಬೇರೆಯಾಗಿ ನೋಡಬೇಕು. ವಿಷ ಬಿಸಿಗೆ ಸೋಲುತ್ತದೆ. ಆಹಾರದ ಒಳಭಾಗವೂ 85 ಡಿಗ್ರಿ ಸೆಲ್ಸಿಯಸ್ ದಾಟಿ ಐದು ನಿಮಿಷ ಇದ್ದರೆ ನಾಶವಾಗುತ್ತದೆ. ಮನೆಯಲ್ಲಿ ಡಬ್ಬಕ್ಕೆ ತುಂಬಿದ ತರಕಾರಿಯನ್ನು ತಿನ್ನುವ ಮುಂಚೆ 10 ನಿಮಿಷ ಕುದಿಸಬೇಕು, ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಎತ್ತರಕ್ಕೆ ಇನ್ನೊಂದು ನಿಮಿಷ ಸೇರಿಸಬೇಕು ಎಂಬುದು ಅಮೆರಿಕದ ಆರೋಗ್ಯ ಇಲಾಖೆಯ ಸಲಹೆ. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ 13 ನಿಮಿಷ ಬೇಕು. ಮಂಗಳೂರಿನಲ್ಲಿ 10 ಸಾಕು.

ಬೀಜಕಣ ಹಾಗಲ್ಲ. ಗಂಟೆಗಟ್ಟಲೆ ಕುದಿಸಿದರೂ ಬದುಕಬಲ್ಲದು. ಅದನ್ನು ಕೊಲ್ಲಲು ಒತ್ತಡದ ಹಬೆಯಲ್ಲಿ 121 ಡಿಗ್ರಿ ಬಿಸಿ, ಜಾಡಿಯ ನಟ್ಟನಡುವಿನ ತುಂಡಿಗೂ ತಲುಪಿ, ಸುಮಾರು ಮೂರು ನಿಮಿಷ ನಿಲ್ಲಬೇಕು. ಕಾರ್ಖಾನೆಗಳು ಇದನ್ನು ಅಳೆದು ಮಾಡುತ್ತವೆ. ನಮ್ಮ ಅಡುಗೆಮನೆಯ ಕುಕ್ಕರ್ ಇಷ್ಟು ಸೀಟಿ ಹೊಡೆಯಿತು ಎಂಬುದರಿಂದ ಜಾಡಿಯ ನಡುವಿನ ಬಿಸಿ ಗೊತ್ತಾಗುವುದಿಲ್ಲ. 2015ರಲ್ಲಿ ಅಮೆರಿಕದ ಓಹಾಯೊದಲ್ಲಿ ಚರ್ಚಿನ ಊಟವೊಂದರ ನಂತರ 29 ಜನರಿಗೆ ಬೊಟುಲಿಸಂ ಬಂದು ಒಬ್ಬರು ತೀರಿಕೊಂಡರು. ಮನೆಯಲ್ಲಿ ಒತ್ತಡದ ಹಬೆಯಿಲ್ಲದೆ, ಬರಿಯ ಕುದಿನೀರಿನಲ್ಲಿ ಇಟ್ಟು ತೆಗೆದ ಆಲೂಗೆಡ್ಡೆಯ ಜಾಡಿ ಅದರ ಮೂಲ.

ಇಡ್ಲಿ ಹಿಟ್ಟು, ಮೊಸರು, ಉಳಿದ ಸಾರು?

ಇಡ್ಲಿ ಹಿಟ್ಟು ಹುದುಗಿ ಹುಳಿಯಾಗುತ್ತದೆ, ಮೇಲೆ ಹಬೆಯಲ್ಲಿ ಬೇಯುತ್ತದೆ. ಮೊಸರೂ ಹುಳಿಯೇ. ಉಳಿದ ಸಾರನ್ನು ಫ್ರಿಜ್‌ನಲ್ಲಿಟ್ಟು ಮರುದಿನ ಕುದಿಸಿ ಉಂಡರೆ ಈ ಭಯವಿಲ್ಲ.

ಆಹಾರ ಕೆಟ್ಟಿದೆ ಎಂದು ವಾಸನೆಯಿಂದ ತಿಳಿಯುವುದಿಲ್ಲವೇ?

ತಿಳಿಯಲೇಬೇಕೆಂದಿಲ್ಲ. ವಾಸನೆ, ಬಣ್ಣ, ರುಚಿ ಎಲ್ಲವೂ ಸರಿಯಿದ್ದು ವಿಷ ಇರಬಹುದು. ಡಬ್ಬ ಉಬ್ಬಿದ್ದರೆ, ಸೋರುತ್ತಿದ್ದರೆ, ತೆರೆದಾಗ ಒಳಗಿನದು ಚಿಮ್ಮಿದರೆ, ನೊರೆ ಕಂಡರೆ ಬಳಸಬೇಡಿ. ‘ಒಂದು ಚೂರು ನಾಲಿಗೆಗೆ ಹಚ್ಚಿ ನೋಡುತ್ತೇನೆ’ ಎನ್ನುವ ಅಭ್ಯಾಸ ನಮ್ಮ ಅಮ್ಮಂದಿರಿಗೆ ಬಹಳ. ಮನೆಯವರನ್ನು ಕಾಪಾಡಲು ತಾವೇ ಮೊದಲು ತಿಂದು ನೋಡುತ್ತಾರೆ. ಈ ವಿಷಕ್ಕೆ ಆ ಒಂದು ಚೂರೇ ಸಾಕು.

ಮುಖದ ಸುಕ್ಕಿಗೆ ಚುಚ್ಚುವ ಬೊಟಾಕ್ಸ್ ಇದೇ ವಿಷವೇ?

ಇದೇ. ಅತ್ಯಲ್ಪ ಪ್ರಮಾಣದಲ್ಲಿ, ಶುದ್ಧೀಕರಿಸಿ ಬಳಸುತ್ತಾರೆ. 1989ರಲ್ಲಿ ಅಮೆರಿಕದಲ್ಲಿ ಇದಕ್ಕೆ ಮೊದಲ ಅನುಮತಿ ಸಿಕ್ಕಿದ್ದು ಮೆಳ್ಳಗಣ್ಣು ಮತ್ತು ರೆಪ್ಪೆಯ ಸೆಳೆತದ ಚಿಕಿತ್ಸೆಗೆ. ಸುಕ್ಕಿನ ಬಳಕೆ ಬಂದದ್ದು 2002ರಲ್ಲಿ. ನುರಿತ ವೈದ್ಯರಲ್ಲದವರಿಂದ ಚುಚ್ಚಿಸಿಕೊಳ್ಳಬೇಡಿ. ಚುಚ್ಚಿಸಿಕೊಂಡ ಮೇಲೆ ನುಂಗಲು, ಉಸಿರಾಡಲು ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಗಾಯದೊಳಗೆ ಬ್ಯಾಕ್ಟೀರಿಯಾ ಬೆಳೆದು ಬರುವ ಬೊಟುಲಿಸಂ ಕೂಡ ಇದೆ. ಮಾದಕವಸ್ತು ಚುಚ್ಚಿಕೊಳ್ಳುವವರಲ್ಲಿ ಅದು ಹೆಚ್ಚು.

ಒಬ್ಬರಿಂದ ಒಬ್ಬರಿಗೆ ಹರಡುತ್ತದೆಯೇ?

ಇಲ್ಲ. ರೋಗಿಯನ್ನು ಮುಟ್ಟಬಹುದು, ಪಕ್ಕದಲ್ಲಿ ಕೂರಬಹುದು. ಆದರೆ ಒಂದೇ ಅಡುಗೆ ಉಂಡ ಎಲ್ಲರನ್ನೂ ಎಚ್ಚರದಿಂದ ಗಮನಿಸಬೇಕು.

ಚಿಕಿತ್ಸೆ ಏನು?

ಮೊದಲನೆಯದು ಉಸಿರು. ಎದೆಯ ಸ್ನಾಯುಗಳು ಸೋತರೆ ವೆಂಟಿಲೇಟರ್ ಉಸಿರಾಡಿಸುತ್ತದೆ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಎರಡನೆಯದು ಪ್ರತಿವಿಷ. ಕುದುರೆಯ ರಕ್ತದಿಂದ ತಯಾರಿಸುವ ಇದು ರಕ್ತದಲ್ಲಿ ಇನ್ನೂ ತೇಲುತ್ತಿರುವ ವಿಷವನ್ನು ಹಿಡಿಯುತ್ತದೆ. ನರದೊಳಗೆ ಆಗಲೇ ಇಳಿದದ್ದನ್ನು ಹಿಂದಕ್ಕೆ ತರಲಾರದು. ಹಾಗಾಗಿ ಬೇಗ ಕೊಟ್ಟಷ್ಟೂ ಒಳ್ಳೆಯದು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತ ಕೂರುವಂತಿಲ್ಲ. ಇದು ಎಲ್ಲ ಆಸ್ಪತ್ರೆಗಳಲ್ಲೂ ಇರುವ ಔಷಧವಲ್ಲ. ತರಿಸಲು ಸಮಯ ಬೇಕಾಗುವುದರಿಂದಲೇ ಬೇಗ ಗುರುತಿಸಬೇಕು. ಶಿಶುಗಳಿಗೆ ಮನುಷ್ಯರ ರಕ್ತದಿಂದಲೇ ತಯಾರಿಸಿದ ಬೇರೆ ಔಷಧಕ್ಕೆ ಅಮೆರಿಕದಲ್ಲಿ 2003ರಲ್ಲಿ ಅನುಮತಿ ಸಿಕ್ಕಿತು.

ಆಹಾರದಿಂದ ಬಂದ ಬೊಟುಲಿಸಂಗೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಜೆಂಟಾಮೈಸಿನ್ ಗುಂಪಿನವು ಸ್ನಾಯುಗಳನ್ನು ಇನ್ನಷ್ಟು ಸೋಲಿಸುತ್ತವೆ. ಅಂಗಡಿಯಿಂದ ಮಾತ್ರೆ ತಂದು ಕಾಯುವುದು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಎರಡೂ ಬೇಡ. ನುಂಗಲಾಗದವರ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ.

ಪೂರ್ತಿ ಗುಣವಾಗುತ್ತದೆಯೇ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ನೂರಕ್ಕೆ 5ರಿಂದ 10 ರೋಗಿಗಳು ಸಾಯುತ್ತಾರೆ. ಉಳಿದವರಲ್ಲಿ ನರದ ತುದಿಗಳು ನಿಧಾನವಾಗಿ ಹೊಸದಾಗಿ ಚಿಗುರುತ್ತವೆ. ಬೇಗ ಆಯಾಸವಾಗುವುದು, ಏದುಸಿರು ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಮನೆಯವರ ತಾಳ್ಮೆಯೂ ಫಿಸಿಯೋಥೆರಪಿಯೂ ಆಗ ಔಷಧದಷ್ಟೇ ಬೇಕು.

ಶಂಕೆಯಿರುವ ಆಹಾರವನ್ನು ಏನು ಮಾಡಬೇಕು?

ಯಾರಾದರೂ ಅದನ್ನು ತಿಂದು ಕಾಯಿಲೆ ಬಿದ್ದಿದ್ದರೆ ಎಸೆಯಬೇಡಿ. ಪಾತ್ರೆ ಸಮೇತ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಫ್ರಿಜ್‌ನಲ್ಲಿ ಬೇರೆಯಾಗಿಟ್ಟು, ವೈದ್ಯರಿಗೆ ತಿಳಿಸಿ. ಪರೀಕ್ಷೆಗೆ ಅದೇ ಆಧಾರ. ಯಾರೂ ತಿಂದಿಲ್ಲವಾದರೆ ಕೈಗವಸು ತೊಟ್ಟು, ಮುಚ್ಚಳ ತೆರೆಯದೆ, ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ. ಚೆಲ್ಲಿದ್ದರೆ ಬ್ಲೀಚಿಂಗ್ ದ್ರಾವಣದಿಂದ ಒರೆಸಿ, ಆ ಬಟ್ಟೆಯನ್ನೂ ಎಸೆಯಿರಿ. ಹಾಳಾಗುವುದೇಕೆ ಎಂದು ಕಲಗಚ್ಚಿಗೆ ಸುರಿಯಬೇಡಿ, ಹಿತ್ತಲಿಗೂ ಚೆಲ್ಲಬೇಡಿ. ದನಕ್ಕೂ, ನಾಯಿಗೂ, ಕೋಳಿಗೂ ಬೊಟುಲಿಸಂ ಬರುತ್ತದೆ.